ಮಲೆನಾಡಿನ ಮಳೆ ತಡ್ಕೊಂಡ ನೋಟ್‌ಬುಕ್: ಶಿವಮೊಗ್ಗದ ಕೈಹೊಲಿಗೆ ಬೈಂಡಿಂಗ್ ರಿವ್ಯೂ

ತೀರ್ಥಹಳ್ಳಿ, ಹೊಸನಗರ, ಸಾಗರ ಈ ಕಡೆ ಮನೆ ಇದ್ದು ಇನ್ನೂ ಕೈಯಲ್ಲೇ ಬರೆಯೋ ಅಭ್ಯಾಸ ಇಟ್ಕೊಂಡಿರೋರು ಯಾರಾದ್ರೂ ಇದನ್ನ ಓದ್ತಿದ್ರೆ, ಅಂಗಡೀಲಿ ಸಿಗೋ ರೆಡಿ ನೋಟ್‌ಬುಕ್ ಬಿಟ್ಟು ಒಂದು ಹೊಲಿಗೆ ಬೈಂಡಿಂಗ್ ಬುಕ್ ಮಾಡಿಸ್ಕೊಳ್ಳಿ ಅಂತ ಮೊದಲೇ ಹೇಳ್ಬಿಡ್ತೀನಿ. ನಾನು ಮಾಡಿಸಿದ್ದು ಶಿವಮೊಗ್ಗದ ಗಾಂಧಿ ಬಜಾರ್ ಹತ್ರ ಒಂದು ಗಲ್ಲಿಯಲ್ಲಿರೋ ಸಣ್ಣ ಬೈಂಡಿಂಗ್ ಅಂಗಡೀಲಿ. ಬೋರ್ಡು ಗೀರ್ಡು ದೊಡ್ಡದೇನಿಲ್ಲ, ಒಳಗಡೆ ಒಂದು ಕಬ್ಬಿಣದ ಪ್ರೆಸ್ಸು, ಒಂದು ಕಟಿಂಗ್ ಮಿಷನ್ನು, ಗೋಡೆ ತುಂಬ ರಟ್ಟು, ಹಳೇ ಲೆಕ್ಕದ ಪುಸ್ತಕಗಳು, ಕಾಲೇಜು ಹುಡುಗರ ಪ್ರಾಜೆಕ್ಟ್ ರಿಪೋರ್ಟುಗಳು. ಹೋದ ಮುಂಗಾರು ಶುರುವಾಗೋಕೆ ಮುಂಚೆ ತಂದಿದ್ದು, ಈಗ ಇನ್ನೊಂದು ಮುಂಗಾರು ಬಾಗಿಲಿಗೆ ಬಂದಿದೆ, ಬುಕ್ಕು ಹಾಗೇ ಇದೆ. ಒಂದು ಹಾಳೆ ಕೂಡ ಕಳಚಿ ಬಂದಿಲ್ಲ, ಬೆನ್ನು ಬಿಟ್ಕೊಂಡಿಲ್ಲ, ಬೂಷ್ಟು ಹಿಡಿದಿಲ್ಲ. ಬಯಲುಸೀಮೆಯವರಿಗೆ ಇದರಲ್ಲೇನು ವಿಶೇಷ ಅನ್ನಿಸ್ಬಹುದು, ನಮ್ಮ ಕಡೆಯವರಿಗೆ ಗೊತ್ತಾಗ್ತದೆ.

ಆಗುಂಬೇಲಿ ವರ್ಷಕ್ಕೆ 7,000 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ ಬೀಳ್ತದೆ, ಶಿವಮೊಗ್ಗ ಪೇಟೆಗೆ ಅದರಲ್ಲಿ ಕಾಲುಭಾಗವೂ ಇಲ್ಲ, ನಮ್ಮನೆ ಎರಡರ ಮಧ್ಯೆ, ಆಗುಂಬೆ ಕಡೆಗೇ ಹತ್ರ. ಜೂನಿಂದ ಸೆಪ್ಟೆಂಬರ್ ತನಕ ಬಟ್ಟೆ ಒಣಗಲ್ಲ, ಉಪ್ಪಿನ ಡಬ್ಬಿ ನೀರು ಬಿಡ್ತದೆ, ಬೆಂಕಿಪೊಟ್ಟಣ ಗೀರಿದ್ರೆ ಕಡ್ಡಿ ತಲೆನೇ ಉದುರ್ತದೆ. ಪೇಪರ್ ಅನ್ನೋದಂತೂ ಗಾಳೀಲಿರೋ ತೇವನ ಸುಮ್ನೆ ಕೂತಲ್ಲೇ ಹೀರ್ಕೊಳ್ಳೋ ವಸ್ತು, ಮಳೆ ನೀರು ಅದರ ಮೇಲೆ ಬೀಳಬೇಕು ಅಂತೇನಿಲ್ಲ. ತೇವ ನೂರಕ್ಕೆ 65–70 ದಾಟಿ ಹಾಗೇ ದಿನಗಟ್ಲೆ ನಿಂತ್ರೆ ಬೂಷ್ಟು ಶುರುವಾಗ್ತದೆ, ನಮ್ಮಲ್ಲಿ ಜುಲೈನಲ್ಲಿ 90ರ ಕೆಳಗೆ ಇಳಿಯೋದೇ ಅಪರೂಪ. ಅಂಗಡಿ ನೋಟ್‌ಬುಕ್ಕುಗಳಲ್ಲಿ ಹೆಚ್ಚಿನವು ಎರಡು ಥರ, ಒಂದು ಪಿನ್ ಹೊಡೆದಿದ್ದು, ಅದರ ಪಿನ್ನು ಆರಿದ್ರಾ ಮಳೆ ಮುಗಿಯೋದ್ರೊಳಗೆ ತುಕ್ಕು ಹಿಡಿದು ಮಧ್ಯದ ಹಾಳೆ ಕೆಂಪಾಗ್ತದೆ. ಇನ್ನೊಂದು ಗಮ್ ಬೈಂಡಿಂಗು, ಹಾಳೆಗಳನ್ನ ಬಿಡಿ ಬಿಡಿಯಾಗಿ ಕತ್ತರಿಸಿ ಬೆನ್ನಿಗೆ ಅಂಟು ಬಳಿದಿದ್ದು, ನೋಡೋಕೆ ಚೆಂದ, ಆದ್ರೆ ಆಶ್ಲೇಷಾ ಮಳೆ ಹೊತ್ತಿಗೆ ಹಾಳೆ ಉಬ್ಬಿ ಅಂಟು ಬಿಟ್ಟು ಗೊಂಚಲು ಗೊಂಚಲಾಗಿ ಕೈಗೆ ಬರ್ತವೆ.

ಹೊಲಿಗೆ ಬೈಂಡಿಂಗ್ ಹೇಗೆ ಬೇರೆ ಅಂತ ಅಂಗಡಿಯವರೇ ನಿಂತು ತೋರಿಸಿದ್ರು, ನಂಗೆ ಅದು ಬಹಳ ಇಷ್ಟ ಆಯ್ತು, ಯಾಕಂದ್ರೆ ತಮ್ಮ ಕೆಲಸ ವಿವರಿಸೋವಾಗ ಅವರ ಮುಖದಲ್ಲಿ ಒಂದು ಬೆಳಕಿತ್ತು. ದೊಡ್ಡ ಹಾಳೇನ ಮಡಿಸಿ ಮಡಿಸಿ ಹದಿನಾರು ಪುಟದ ಒಂದೊಂದು ಫರ್ಮಾ ಮಾಡ್ತಾರೆ, ಪ್ರತಿ ಫರ್ಮಾದ ಮಡಿಕೆ ಒಳಗಿಂದ ಮೇಣ ಹಚ್ಚಿದ ದಾರ ಹಾಯಿಸಿ ಪಕ್ಕದ ಫರ್ಮಾಕ್ಕೆ ಗಂಟು ಹಾಕ್ತಾರೆ, ಅಂದ್ರೆ ಪೂರ್ತಿ ಪುಸ್ತಕ ನಿಂತಿರೋದು ದಾರದ ಮೇಲೆ, ಅಂಟು ಬರೀ ಸಹಾಯಕ್ಕೆ. ಆಮೇಲೆ ಬೆನ್ನಿಗೆ ತೆಳು ಬಟ್ಟೆ, ಅದರ ಮೇಲೆ ರಟ್ಟು. ಇದರಲ್ಲಿ ನಾನು ತಿಳ್ಕೊಂಡ ಮುಖ್ಯ ವಿಷಯ ಪೇಪರಿನ ನಾರಿನ ದಿಕ್ಕು. ಮಿಲ್ಲಲ್ಲಿ ಪೇಪರ್ ಆಗೋವಾಗ ನಾರುಗಳು ಮಿಷನ್ ಓಡೋ ದಿಕ್ಕಿಗೆ ಮಲಗ್ತವೆ, ತೇವ ಕುಡಿದಾಗ ಹಾಳೆ ಹಿಗ್ಗೋದು ಹೆಚ್ಚಾಗಿ ನಾರಿಗೆ ಅಡ್ಡಡ್ಡ. ನಾರು ಪುಸ್ತಕದ ಬೆನ್ನಿಗೆ ಉದ್ದುದ್ದ ಇದ್ರೆ ಹಾಳೆ ಹೊರಗಡೆ ಅಂಚಿನ ಕಡೆ ಹಿಗ್ಗಿ ಆರಾಮಾಗಿ ಇರ್ತದೆ, ಅಡ್ಡ ಇದ್ರೆ ಬೆನ್ನಿನ ಹತ್ರ ಜಾಗ ಸಿಗದೆ ಅಲೆ ಅಲೆಯಾಗಿ ಸುಕ್ಕಾಗ್ತದೆ. ಮಳೆಗಾಲದಲ್ಲಿ ಎಷ್ಟೋ ಪುಸ್ತಕಗಳು ಮುಚ್ಚೋಕೇ ಬರದ ಹಾಗೆ ಬಾಯಿ ಬಿಟ್ಕೊಂಡು ಕೂರೋದಕ್ಕೆ ಇದೂ ಒಂದು ಕಾರಣ. ನನ್ನ ಬುಕ್ಕಿಗೆ ಅವರು ಹಾಳೇನ ಒಂದ್ಸಲ ಹೀಗೆ ಒಂದ್ಸಲ ಹಾಗೆ ಬಗ್ಗಿಸಿ ನೋಡಿ, ಯಾವ ಕಡೆ ಸುಲಭವಾಗಿ ಬಗ್ತದೋ ಆ ಕಡೆಗೇ ಮಡಿಸಿದ್ರು.

ಪೇಪರ್ 90 ಜಿಎಸ್ಎಂ ಮ್ಯಾಪ್ಲಿಥೋ (ನುಣುಪು ಲೇಪ ಇಲ್ಲದ ಬರೆಯೋ ಕಾಗದ) ಹಾಕಿ ಅಂತ ಕೇಳಿದ್ದೆ, 90 ಜಿಎಸ್ಎಂ ಅಂದ್ರೆ ಒಂದು ಚದರ ಮೀಟರ್ ಹಾಳೆ 90 ಗ್ರಾಂ ತೂಗ್ತದೆ. ಮಾಮೂಲಿ ನೋಟ್‌ಬುಕ್ಕಿನ ಹಾಳೆ ಇದಕ್ಕಿಂತ ಸುಮಾರು ತೆಳು. ಪೇಪರ್ ಯಾವ ಮಿಲ್ಲಿಂದು ಅಂತ ಕೇಳೋಕೆ ಹೋಗಿ ಮಾತು ಭದ್ರಾವತಿ ಪೇಪರ್ ಮಿಲ್ ಕಡೆ ತಿರುಗಿತು, 1936ರಲ್ಲಿ ಮೈಸೂರು ಮಹಾರಾಜರ ಕಾಲದಲ್ಲಿ ಶುರುವಾದ ಕಾರ್ಖಾನೆ, ನಾವು ಬರೆದು ಕಲಿತ ಕಾಲಕ್ಕೆ ನಮ್ಮ ಜಿಲ್ಲೇಲೇ ಕಾಗದ ಆಗ್ತಿತ್ತು, ಈಗ ಉತ್ಪಾದನೆ ನಿಂತು ವರ್ಷಗಳಾದವು. ಅಂಗಡಿಯವರು ಆ ಮಿಲ್ಲಿನ ಹಾಳೇನ ಮುಟ್ಟಿ ನೋಡಿನೇ ಗುರುತು ಹಿಡೀತಿದ್ರಂತೆ.

ಅಂಟಿನ ವಿಷಯ ಸ್ವಲ್ಪ ವಿವರವಾಗಿ ಹೇಳ್ಬೇಕು, ಯಾಕಂದ್ರೆ ನನ್ನ ಮಟ್ಟಿಗೆ ಈ ಪುಸ್ತಕದಲ್ಲಿ ಎಲ್ಲಕ್ಕಿಂತ ಖುಷಿ ಕೊಟ್ಟಿದ್ದು ಅದೇ. ಅವರು ಬಳಸೋದು ಮೈದಾ ಅಂಟು, ಒಲೆ ಮೇಲೆ ಕಾಯಿಸಿ ಮಾಡಿದ್ದು, ಅದಕ್ಕೆ ಒಂದು ಚೂರು ಮೈಲುತುತ್ತ (ಕಾಪರ್ ಸಲ್ಫೇಟ್) ಪುಡಿ ಮಾಡಿ ಹಾಕ್ತಾರೆ. ಮೈದಾ ಅಂದ್ರೆ ಹುಳಕ್ಕೂ ಬೂಷ್ಟಿಗೂ ಊಟ ಇಟ್ಟ ಹಾಗೆ, ಮೈಲುತುತ್ತ ಹಾಕಿದ್ರೆ ಅವು ಹತ್ರ ಬರಲ್ಲ. ಆ ನೀಲಿ ಹರಳು ನೋಡಿದ ತಕ್ಷಣ ನಂಗೆ ನಮ್ಮ ತೋಟ ನೆನಪಾಯ್ತು. ಅಡಿಕೆಗೆ ಕೊಳೆ ಬರಬಾರ್ದು ಅಂತ ಮಳೆ ಹಿಡಿಯೋಕೆ ಮುಂಚೆ ಒಂದ್ಸಲ, ಆಮೇಲೆ ನಲವತ್ತು ನಲವತ್ತೈದು ದಿನ ಬಿಟ್ಟು ಮಳೆ ಸ್ವಲ್ಪ ಹೊಳವು ಕೊಟ್ಟಾಗ ಇನ್ನೊಂದ್ಸಲ ಹೊಡೆಯೋ ಬೋರ್ಡೋ ದ್ರಾವಣದಲ್ಲಿ ಇರೋದೂ ಇದೇನೇ, 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ 1 ಕೆಜಿ ಸುಣ್ಣ. ಮೈಸೂರು ಸರ್ಕಾರದಲ್ಲಿ ಕೆಲಸಕ್ಕೆ ಬಂದಿದ್ದ ಲೆಸ್ಲಿ ಕೋಲ್ಮನ್ ಅನ್ನೋ ಕೆನಡಾದ ವಿಜ್ಞಾನಿ ಕೊಳೆರೋಗದ ಬಗ್ಗೆ 1910ರಲ್ಲೇ ಬರೆದ್ರು, ಈ ಔಷಧಿ ನಮ್ಮ ತೋಟಗಳಿಗೆ ಬಂದಿದ್ದು ಅವರಿಂದ, ಅದಕ್ಕೂ ಮುಂಚೆ ನಮ್ಮ ಹಿರಿಯರು ಮರ ಹತ್ತಿ ಗೊನೆಗೊನೆಗೂ ಮಳೆ ತಾಗದ ಹಾಗೆ ಮುಚ್ಚೋ ಕೊಟ್ಟೆ ಕಟ್ತಿದ್ರು. ಮಳೆಯಿಂದ ಅಡಿಕೆ ಉಳಿಸೋ ಅದೇ ನೀಲಿ ಮಳೆಯಿಂದ ಬರಹಾನೂ ಉಳಿಸ್ತದೆ ಅಂತ ಗೊತ್ತಾದ ಮೇಲೆ ಈ ಪುಸ್ತಕದ ಮೇಲೆ ಒಂದು ಬೇರೆ ಥರದ ಪ್ರೀತಿ ಬಂತು. ಚಿಕ್ಕ ಮಕ್ಕಳ ಕೈಗೆ ಮಾತ್ರ ಕೊಡಬೇಡಿ, ಬಾಯಿಗೆ ಹಾಕ್ಕೊಳ್ತವೆ, ಮೈಲುತುತ್ತ ವಿಷ.

ಕವರ್ ಬಟ್ಟೆ ನಾನೇ ತಗೊಂಡು ಹೋಗಿದ್ದೆ. ಹೆಗ್ಗೋಡಿನ ಹತ್ರ ಚರಕ ಅಂತ ಹೆಣ್ಣುಮಕ್ಕಳ ಸಹಕಾರ ಸಂಘ ಇದೆಯಲ್ಲ, ಅವರ ಕೈಮಗ್ಗದ ಬಟ್ಟೆ, ಅಡಿಕೆ ಚೊಗರಿನ ಬಣ್ಣದ್ದು. ಅಡಿಕೆ ಬೇಯಿಸಿದ ನೀರಿಂದ ಬರೋ ಆ ಕೆಂಪುಗಂದು ಬಣ್ಣ ನಂಗೆ ಚಿಕ್ಕಂದಿನಿಂದ ನೋಡಿದ ಬಣ್ಣ, ಕೊಯ್ಲು ಟೈಮಲ್ಲಿ ಅಡಿಕೆ ಸುಲಿಯೋರ ಬೆರಳುಗಳಲ್ಲಿ ಇರೋದು ಅದೇ. ಹೊರಗಿಂದ ಬಟ್ಟೆ ತಂದ್ರೆ ಹಾಕ್ಕೊಡ್ತೀರಾ ಅಂತ ಕೇಳಿದ್ದಕ್ಕೆ ಅವರು ಬಟ್ಟೆನ ಎರಡು ಬೆರಳಲ್ಲಿ ಉಜ್ಜಿ ನೋಡಿ, ಹಿಂದುಗಡೆ ತೆಳು ಪೇಪರ್ ಅಂಟಿಸಿ ಕೂರಿಸ್ಬೇಕಾಗ್ತದೆ ಇಲ್ಲಾಂದ್ರೆ ಅಂಟು ನೇಯ್ಗೆಯಿಂದ ಹೊರಗೆ ಬರ್ತದೆ ಅಂದ್ರು, ಹಾಗೇ ಮಾಡಿದ್ರು, ಒಂದು ಕಲೆ ಇಲ್ಲ.

ಇನ್ನು ಉಪಯೋಗಿಸಿದ ವಿಷಯ. ನಾನು ಕತೆ ಬರೀತೀನಿ. ಬರೆಯೋದು ಬೆಳಿಗ್ಗೆ, ಹಾಲು ಡೈರಿಗೆ ಹೋಗಿ ತಿಂಡಿ ಆಗೋದ್ರ ಮಧ್ಯದಲ್ಲಿ ಸಿಗೋ ಹೊತ್ತಲ್ಲಿ, ಜಗಲೀಲಿ ಕೂತು. ಈ ಪುಸ್ತಕಕ್ಕೆ ನಾನು ಇಟ್ಟಿದ್ದ ಪರೀಕ್ಷೆ ಒಂದೇ, ಮುಂಗಾರಲ್ಲಿ ಬರೆದಿದ್ದು ಬೇಸಿಗೇಲಿ ಓದೋಕೆ ಸಿಗಬೇಕು. ಕೇಳೋಕೆ ಸಣ್ಣದು ಅನ್ನಿಸ್ತದೆ. ಆದ್ರೆ ನನ್ನ ಬರವಣಿಗೆ ಇರೋದೇ ಅದರ ಮೇಲೆ. ಮಳೆಗಾಲದಲ್ಲಿ ನಂಗೆ ಕತೆ ಕಟ್ಟೋಕೆ ಬರಲ್ಲ, ಬರೋದು ಬರೀ ಚೂರುಗಳು. ಹಂಚಿನ ಮೇಲೆ ಬೀಳೋ ಶಬ್ದ ಮೃಗಶಿರಾಕ್ಕೆ ಒಂಥರ ಪುನರ್ವಸುಗೆ ಒಂಥರ ಇರೋದು, ಬಚ್ಚಲೊಲೆ ಮೇಲೆ ಕಟ್ಟಿದ ಹಗ್ಗದಲ್ಲಿ ಹೊಗೆ ವಾಸನೆ ಕುಡೀತಾ ನೇತಾಡೋ ಸ್ಕೂಲ್ ಯೂನಿಫಾರ್ಮು, ತೋಟದಿಂದ ಬಂದೋರು ಅಂಗಳದಲ್ಲೇ ನಿಂತು ಕಾಲಿಂದ ಇಂಬಳ ಕೀಳ್ತಾ ಸಾಲದ ವಿಷಯ ಮಾತಾಡೋದು, ಕರೆಂಟ್ ಹೋದ ರಾತ್ರಿ ಅತ್ತೆ ಕತ್ತಲಲ್ಲಿ ಯಾರದೋ ಹೆಸರು ಹೇಳಿದ್ದು. ಇಂಥವನ್ನ ಆಗಿಂದಾಗ್ಗೆ ಬರೆದಿಡ್ಬೇಕು, ಆಮೇಲೆ ನೆನಪಿಂದ ಬರೀತೀನಿ ಅಂದ್ರೆ ಮಳೆ ಅನ್ನೋ ಒಂದು ಪದ ಉಳೀತದೆ ಅಷ್ಟೇ, ಒಳಗಿನ ವಿವರ ಎಲ್ಲ ಹೋಗಿರ್ತದೆ. ಮೊಬೈಲಲ್ಲಿ ಬರೆದಿಡ್ಬಹುದಲ್ಲ ಅಂತಾರೆ, ಬರೀಬಹುದು, ಆದ್ರೆ ಜುಲೈನಲ್ಲಿ ಕರೆಂಟ್ ಮೂರು ನಾಲ್ಕು ದಿನ ಹೋದ್ರೆ ಚಾರ್ಜ್ ಇರೋದು ತುರ್ತು ಫೋನಿಗೆ ಬೇಕು, ಅಲ್ದೆ ಕೈಯಲ್ಲಿ ಬರೆದಿದ್ರಲ್ಲಿ ಅಕ್ಷರ ಹೇಗೆ ಓಡಿದೆ ಅಂತ ನೋಡಿದ್ರೇ ಆವತ್ತಿನ ಮನಸ್ಸು ಗೊತ್ತಾಗ್ತದೆ.

ಆರಿದ್ರಾ ಮಳೆ ಆರದೆ ಹೊಯ್ತದೆ ಅನ್ನೋ ಮಾತಿದೆ, ಹೋದ ವರ್ಷ ಅದು ನಿಜ ಆಯ್ತು. ಆ ಹದಿಮೂರು ಹದಿನಾಲ್ಕು ದಿನದಲ್ಲಿ ಪುಸ್ತಕದ ರಟ್ಟು ಸ್ವಲ್ಪ ಹೊರಗಡೆಗೆ ಬಾಗಿತು, ಭಯ ಆಯ್ತು, ಆದ್ರೆ ರಾತ್ರಿ ಮೇಲೆ ಒಂದು ಒರಳುಗುಂಡು ಇಟ್ಟು ಬೆಳಿಗ್ಗೆ ತೆಗೆದ್ರೆ ಸರಿಯಾಗ್ತಿತ್ತು. ಹಾಳೆ ಮೆತ್ತಗಾಗ್ತದೆ ನಿಜ, ಆದ್ರೆ ಸುಕ್ಕಾಗಲ್ಲ. ಪುಷ್ಯ ಮಳೇಲಿ ಗಾಳಿ ಜೋರಿದ್ದು ಜಗಲಿ ತನಕ ಇರಚಲು ಹೊಡೆದು ಎರಡು ಪುಟಕ್ಕೆ ನೀರು ಬಿತ್ತು, ಆ ಪುಟಗಳು ಒಣಗಿದ ಮೇಲೆ ಒರಟಾಗಿವೆ ಅಷ್ಟೇ, ಹರಿದಿಲ್ಲ.

ಯಾವುದರಲ್ಲಿ ಬರೀಬೇಕು ಅನ್ನೋದು ಇದರಷ್ಟೇ ಮುಖ್ಯ. ಫೌಂಟನ್ ಪೆನ್ ನಂಗೆ ಪ್ರಾಣ, ಆದ್ರೆ ಮಾಮೂಲಿ ಫೌಂಟನ್ ಇಂಕು ನೀರಲ್ಲಿ ಕರಗಿದ ಬಣ್ಣ, ತೇವ ಇರೋ ಹಾಳೆ ಮೇಲೆ ಅಕ್ಷರದ ಅಂಚಿಂದ ಬೇರು ಬಿಟ್ಕೊಂಡು ಹರಡ್ತದೆ, ಮೇಲೆ ಒಂದು ಹನಿ ಬಿದ್ರೆ ಸಾಲೇ ಹೋಯ್ತು. ಜೆಲ್ ಪೆನ್ ಒಣಗೋಕೆ ಟೈಮ್ ತಗೊಳ್ತದೆ, ಎಡಗೈಯವರಿಗಂತೂ ಕಷ್ಟ. ಬಾಲ್ ಪೆನ್ನಿನ ಇಂಕಿಗೆ ಎಣ್ಣೆಯಂಥ ಅಂಟು ಗುಣ ಇರೋದ್ರಿಂದ ಹರಡಲ್ಲ, ಅದು ಪರವಾಗಿಲ್ಲ. ಎಲ್ಲಕ್ಕಿಂತ ಒಳ್ಳೇದು ಪೆನ್ಸಿಲ್. ಸೀಸದ ಕಡ್ಡಿ ಅಂತೀವಲ್ಲ ಅದರಲ್ಲಿ ಸೀಸ ಇಲ್ಲ, ಗ್ರಾಫೈಟು ಮತ್ತೆ ಜೇಡಿ, ಅದು ನೀರಿಗೆ ಕರಗೋದೇ ಇಲ್ಲ. ಇರಚಲು ಬಿದ್ದ ಆ ಎರಡು ಪುಟದಲ್ಲಿ ಪೆನ್ಸಿಲಲ್ಲಿ ಬರೆದ ಒಂದು ಅಕ್ಷರವೂ ಅಳಿಸಿಲ್ಲ. ಎಚ್‌ಬಿ ಮೆತ್ತಗಿನ ಹಾಳೇಲಿ ಗೀರ್ತದೆ, 2ಬಿ ತಗೊಳ್ಳಿ, ಅದು ಜಾರಿದ ಹಾಗೆ ಹೋಗ್ತದೆ. ಸ್ವಲ್ಪ ಎದುರು ಪುಟಕ್ಕೆ ಮಸಿ ಹತ್ತೋದು ಇದ್ದೇ ಇದೆ, ಓದೋಕೆ ತೊಂದರೆ ಇಲ್ಲ. ಹಾಗಾಗಿ ನನ್ನ ಪುಸ್ತಕದಲ್ಲಿ ಜೂನಿಂದ ಸೆಪ್ಟೆಂಬರ್ ತನಕ ಪೆನ್ಸಿಲ್, ಅಲ್ಲಿಂದ ಮುಂದೆ ಇಂಕು, ಮುಚ್ಚಿ ಅಂಚು ನೋಡಿದ್ರೂ ಮಳೆಗಾಲದ ಭಾಗ ಎಲ್ಲಿಂದ ಎಲ್ಲಿವರೆಗೆ ಅಂತ ಬೂದು ಬಣ್ಣದಲ್ಲಿ ಕಾಣ್ತದೆ.

ಈ ಸೀಮೇಲಿ ಬರೆದಿದ್ದನ್ನ ಉಳಿಸ್ಕೊಳ್ಳೋ ಕಷ್ಟ ಹೊಸದೇನಲ್ಲ. ಕೆಳದಿ ಮ್ಯೂಸಿಯಂಗೆ ಹೋದ್ರೆ ತಾಳೆಗರಿ ಕಟ್ಟುಗಳನ್ನ ನೋಡ್ಬಹುದು. ಗರಿ ಮೇಲೆ ಕಂಠ ಅನ್ನೋ ಚೂಪು ಮೊನೆಯ ಕಬ್ಬಿಣದ ಲೇಖನಿಯಲ್ಲಿ ಕೊರೆದು ಆಮೇಲೆ ಮಸಿ ತಿಕ್ಕೋದು, ಅಕ್ಷರ ಇರೋದು ಗೀರಿನ ಒಳಗೆ, ಹಾಗಾಗಿ ಮೇಲಿನ ಮಸಿ ಹೋದ್ರೂ ಮತ್ತೆ ತಿಕ್ಕಿದ್ರೆ ಅಕ್ಷರ ಎದ್ದು ಬರ್ತದೆ. ಹುಳ ಬರಬಾರ್ದು ಅಂತ ಮಜ್ಜಿಗೆಹುಲ್ಲಿನ ಎಣ್ಣೆ ಹಚ್ಚೋದು, ಬಜೆ ಬೇರು ಇಡೋದು. ಇನ್ನೊಂದು ಕಡತ, ಬಟ್ಟೆಗೆ ಹುಣಸೆಬೀಜದ ಅಂಟು ಮತ್ತೆ ಇದ್ದಿಲಿನ ಪುಡಿ ಬಳಿದು ಕಪ್ಪು ಹಲಗೆ ಥರ ಮಾಡಿ, ಪಟಪಟ ಮಡಿಸಿ, ಬಳಪದಲ್ಲಿ ಬರೆಯೋದು. ಶೃಂಗೇರಿ ಮಠದ ಹಳೇ ದಾಖಲೆಗಳಲ್ಲಿ ಎಷ್ಟೋ ಇಂಥ ಕಡತದಲ್ಲಿವೆ. ಹುಣಸೆಬೀಜದ ಅಂಟು ಬಳಿದ ಬಟ್ಟೆ ಶತಮಾನ ಕಳೆದ್ರೂ ಉಳಿದಿದೆ ಅಂದ್ರೆ ಇಲ್ಲಿನ ಜನ ಮಳೇನ ಲೆಕ್ಕಕ್ಕೆ ತಗೊಂಡೇ ಬರವಣಿಗೆ ಸಾಮಾನು ಮಾಡ್ಕೊಂಡಿದ್ರು. ಗಾಂಧಿ ಬಜಾರಿನ ಈ ಬೈಂಡರ್‌ನ ನಾನು ಆ ಸಾಲಲ್ಲೇ ನೋಡ್ತೀನಿ.

ಮಳೆ ನಿಂತ ಮೇಲೆ ಪುಸ್ತಕದ ಬಣ್ಣನೂ ನನ್ನ ಬರಹದ ಗತಿಯೂ ಬದಲಾಯ್ತು. ಭೂಮಿ ಹುಣ್ಣಿಮೆ ಹೊತ್ತಿಗೆ ಸಾಗರದ ಕಡೆ ನಮ್ಮ ನೆಂಟರ ಊರಿಗೆ ಹೋಗಿದ್ದೆ, ಅಲ್ಲಿ ದೀವರ ಸಮುದಾಯದ ಹೆಣ್ಣುಮಕ್ಕಳು ಭೂಮಣ್ಣಿ ಬುಟ್ಟಿ ಬರೀತಾ ಕೂತಿದ್ರು. ಬುಟ್ಟಿಗೆ ಸಗಣಿ ಸಾರಿಸಿ ಕೆಮ್ಮಣ್ಣು ಬಳಿದು, ಅದರ ಮೇಲೆ ಅಕ್ಕಿಹಿಟ್ಟಿನ ಬಿಳಿಯಲ್ಲಿ ಪುಂಡಿನಾರಿನ ಕುಂಚ ಹಿಡಿದು ಒಂದೊಂದೇ ಎಳೆ. ಗೋಡೆ ಮೇಲೆ ಬರೆಯೋ ಹಸೆ ಚಿತ್ತಾರಕ್ಕೆ ಕಪ್ಪು ಬೇಕಾದ್ರೆ ಅಕ್ಕಿ ಹುರಿದು ಸುಟ್ಟು ಮಾಡ್ತಾರೆ, ಹಳದಿಗೆ ಗುರಿಗೆ ಕಾಯಿ. ಒಬ್ಬ ಅಜ್ಜಿ ಎಳೆ ಎಳೆಯೋವಾಗ ಉಸಿರು ಹಿಡಿದು, ಎಳೆ ಮುಗಿದ ಮೇಲೆ ಬಿಡ್ತಿದ್ರು. ನಾನು ಪಕ್ಕದಲ್ಲಿ ಕೂತು ಪುಸ್ತಕ ತೆಗೆದು ಬರ್ಕೊಂಡೆ, ಆ ಬುಟ್ಟೀಲಿ ಹಬ್ಬದ ಅಡುಗೆ ಹೊತ್ಕೊಂಡು ಬೆಳಗಿನ ಜಾವ ಗದ್ದೆಗೆ ಹೋಗಿ ಸೊಪ್ಪುಗಳನ್ನ ಬೇಯಿಸಿ ಮಾಡಿದ ಹಚ್ಚಂಬಲಿ ಬೀರ್ತಾರೆ, ಬಸುರಿ ಭೂಮಿಗೆ ಬಯಕೆ ಊಟ. ದಿನಗಟ್ಲೆ ಕೂತು ಬರೆದ ಚಿತ್ತಾರ ಒಂದು ಬೆಳಗಿನ ಪೂಜೆಗೆ. ಅದನ್ನ ನೋಡಿದ ಮೇಲೆ ಬರೆದಿದ್ದೆಲ್ಲ ಪ್ರಕಟ ಆಗ್ಬೇಕು ಅನ್ನೋ ನನ್ನ ಅವಸರ ಸುಮಾರು ಕಮ್ಮಿ ಆಗಿದೆ. ಈ ಪುಸ್ತಕದಲ್ಲಿ ಎಷ್ಟೋ ಪುಟಗಳಿವೆ ಯಾರಿಗೂ ತೋರಿಸದೇ ಇರೋವು, ಇರಲಿ.

ಕೊಯ್ಲಿನ ತಿಂಗಳುಗಳಲ್ಲಿ ಬರೆದಿದ್ದು ಕಮ್ಮಿ. ಮನೆ ತುಂಬ ಜನ, ರಾತ್ರಿ ಅಡಿಕೆ ಸುಲಿಯೋದು, ಒಲೆ ಮೇಲೆ ಹಂಡೆ, ಬೆಳಿಗ್ಗೆ ಚಪ್ಪರದ ಮೇಲೆ ಹರವೋದು, ಅಡಿಕೆ ದರ್ಜೆ ನೋಡಿ ರಾಶಿ ಬೇರೆ ಬೆಟ್ಟೆ ಬೇರೆ ಗೊರಬಲು ಬೇರೆ. ಪುಟಗಳಲ್ಲಿ ಹೆಬ್ಬೆರಳಿನ ಚೊಗರು ಗುರುತು ಬಿದ್ದಿದೆ, ಕವರ್ ಬಣ್ಣದ್ದೇ. ಆ ಪುಟಗಳಲ್ಲಿ ಇರೋದು ಹೆಚ್ಚಾಗಿ ಮಾತು, ಸುಲಿಯೋ ಹೆಂಗಸರು ಒಬ್ಬರಿಗೊಬ್ಬರು ಹೇಳ್ಕೊಂಡ ಮಾತು, ಕತ್ತಿ ಮೇಲೆ ಕಣ್ಣಿಟ್ಕೊಂಡು ಆಡೋದ್ರಿಂದ ಅದರಲ್ಲಿ ಒಂಥರ ಬಿಚ್ಚುಮನಸ್ಸು ಇರ್ತದೆ, ಮುಖ ನೋಡ್ಕೊಂಡು ಹೇಳೋಕಾಗದ ವಿಷಯ ಎಲ್ಲ ಹಾಗೆ ಹೊರಗೆ ಬರ್ತವೆ. ಎಳ್ಳಮಾವಾಸ್ಯೆಗೆ ತೀರ್ಥಹಳ್ಳಿ ಜಾತ್ರೆಗೆ ಹೋಗಿ ತುಂಗೆ ದಡದಲ್ಲಿ ಕೂತು ಬರೆದ ಒಂದು ಪುಟ ಇದೆ, ಅಷ್ಟೇ.

ಮಾರ್ಚ್ ಏಪ್ರಿಲ್ ಬಂತು ನೋಡಿ, ಪುಸ್ತಕದ ನಿಜವಾದ ಬೆಲೆ ಗೊತ್ತಾಗಿದ್ದು ಆವಾಗ. ಬಾವಿ ನೀರು ಕೆಳಗೆ ಹೋಗಿ, ಮಾವಿನಮಿಡಿ ಉಪ್ಪಿಗೆ ಬಿದ್ದು, ಮಧ್ಯಾಹ್ನ ಹಂಚಿನ ಮನೇಲೂ ಬೆವರು ಕಿತ್ಕೊಂಡು ಬರೋ ಹೊತ್ತಲ್ಲಿ ಜುಲೈನ ಪುಟ ತೆಗೆದು ಓದೋದು. ಪೆನ್ಸಿಲಿನ ಬೂದು ಅಕ್ಷರ, ಹಾಳೆಯಿಂದ ಹೊಗೆ ವಾಸನೆ. ಮಳೇಲಿ ಕೂತು ಬರೆಯೋವಾಗ ಕಾಣದೇ ಇದ್ದಿದ್ದು ದೂರದಿಂದ ಕಾಣ್ತದೆ. ಅತ್ತೆ ಕತ್ತಲಲ್ಲಿ ಹೇಳಿದ ಹೆಸರು ಪುನರ್ವಸು ಮಳೆಯ ಪುಟದಲ್ಲಿತ್ತು, ಅಡಿಕೆ ಸುಲಿಯೋವಾಗ ಇನ್ನೊಬ್ಬರು ಅದೇ ಹೆಸರು ಎತ್ತಿ ಸುಮ್ಮನಾಗಿದ್ದು ಡಿಸೆಂಬರ್ ಪುಟದಲ್ಲಿತ್ತು, ಎರಡರ ಮಧ್ಯೆ ಐದು ತಿಂಗಳು, ಬರೆಯೋವಾಗ ಎರಡೂ ಬೇರೆ ಬೇರೆ ವಿಷಯ ಅಂದ್ಕೊಂಡಿದ್ದೆ. ಒಂದೇ ಪುಸ್ತಕದಲ್ಲಿ ಇದ್ದಿದ್ದಕ್ಕೆ, ಹಾಳೆ ತಿರುವಿ ಹಿಂದೆ ಮುಂದೆ ಓದೋಕೆ ಆಗಿದ್ದಕ್ಕೆ ಎರಡೂ ಒಂದಕ್ಕೊಂದು ಸೇರ್ಕೊಂಡು ಒಂದು ಕತೆ ಆಯ್ತು, ನಾನು ಈ ವರ್ಷ ಬರೆದ ಕತೆಗಳಲ್ಲಿ ನಂಗೆ ಮನಸ್ಸಿಗೆ ಹತ್ರ ಆಗಿರೋದು ಅದೇ. ಸೃಜನಶೀಲತೆ ಅಂತ ದೊಡ್ಡ ಮಾತಾಡ್ತಾರೆ, ಸ್ಫೂರ್ತಿ ಅಂತಾರೆ, ನನ್ನ ಅನುಭವದಲ್ಲಿ ಅದು ಹೆಚ್ಚಾಗಿ ಹೀಗೇ, ಒಂದು ಕಾಲದಲ್ಲಿ ಕೂಡಿಟ್ಟಿದ್ದನ್ನ ಇನ್ನೊಂದು ಕಾಲದಲ್ಲಿ ಬಿಚ್ಚಿ ನೋಡೋದು. ಕೂಡಿಟ್ಟಿದ್ದು ಮಧ್ಯದಲ್ಲಿ ಕೊಳೆತು ಹೋದ್ರೆ ನೋಡೋಕೆ ಏನಿರ್ತದೆ? ಮುಂಚೆ ನನ್ನ ಮಳೆಗಾಲದ ಬರಹಗಳೆಲ್ಲ ಬೇಸಿಗೆ ತನಕ ಬರ್ತಾನೇ ಇರ್ಲಿಲ್ಲ, ಬಂದ್ರೂ ಅರ್ಧಂಬರ್ಧ. ನಾನು ಬರೆದ ಕತೆಗಳಲ್ಲಿ ಮಳೆ ಬರೀ ಹಿನ್ನೆಲೆ ಶಬ್ದ ಥರ ಇತ್ತು ಅಂತ ಓದಿದವರು ಹೇಳಿದ್ದು ನಿಜ, ಅದರೊಳಗೆ ಮನುಷ್ಯರು ಹೇಗೆ ಬದುಕ್ತಾರೆ ಅನ್ನೋ ವಿವರ ಈ ವರ್ಷವೇ ಬಂದಿದ್ದು.

ಈಗ ಕೊರತೆಗಳು. ತೂಕ ಜಾಸ್ತಿ, 90 ಜಿಎಸ್ಎಂ ಹಾಳೆ, ದಪ್ಪ ರಟ್ಟು, ಬ್ಯಾಗಲ್ಲಿ ಹಾಕ್ಕೊಂಡು ಬಸ್ಸಲ್ಲಿ ನಿಂತ್ಕೊಂಡು ಹೋಗೋವಾಗ ಹೆಗಲು ನೋಯ್ತದೆ. ಪ್ರಯಾಣಕ್ಕೆ ಬೇಕು ಅಂದ್ರೆ ಅರ್ಧ ಸೈಜಿಂದು ಮಾಡಿಸಿ. ಗೆರೆ ಹಾಕಿದ ಹಾಳೆ ಬೇಕಂದ್ರೆ ಅವರಲ್ಲಿ ಸಿಗೋ ಪೇಪರ್ ತೆಳು, ದಪ್ಪ ಹಾಳೆ ಬೇಕಂದ್ರೆ ಖಾಲಿ ಹಾಳೇಲೇ ಬರೀಬೇಕು, ಸಾಲು ಸೊಟ್ಟ ಹೋಗೋರಿಗೆ ಕಿರಿಕಿರಿ ಆಗ್ಬಹುದು, ಕೆಳಗೆ ಒಂದು ದಪ್ಪ ಗೆರೆ ಎಳೆದ ಕಾರ್ಡ್ ಇಟ್ಕೊಂಡ್ರೂ 90ರ ಹಾಳೇಲಿ ಅಷ್ಟು ಸ್ಪಷ್ಟ ಕಾಣಲ್ಲ. ಚೊಗರಿನ ಬಟ್ಟೆ ಒದ್ದೆ ಕೈ ತಾಗಿದಲ್ಲಿ ಕಪ್ಪಾಗಿದೆ, ನಂಗೆ ಅದು ಇಷ್ಟನೇ, ಹೊಸದರ ಹಾಗೇ ಇರ್ಬೇಕು ಅನ್ನೋರು ರೆಕ್ಸಿನ್ ಹಾಕಿಸಿ. ಎಲ್ಲಕ್ಕಿಂತ ದೊಡ್ಡ ತೊಂದರೆ ಟೈಮು. ಒಂದು ವಾರ ಅಂದಿದ್ದು ಮೂರು ವಾರ ಆಯ್ತು, ಕಾಲೇಜು ಪ್ರಾಜೆಕ್ಟ್ ಸೀಸನ್ ಆದ್ರೆ ನಮ್ಮಂಥ ಬಿಡಿ ಕೆಲಸ ಹಿಂದೆ ಬೀಳ್ತದೆ. ಫೋನ್ ಮಾಡಿದ್ರೆ ಎತ್ತೋದು ಕಮ್ಮಿ, ಹೋಗಿ ನಿಂತ್ರೆ ಮಾತ್ರ ಕೂತು ಮುಗಿಸಿ ಕೊಡ್ತಾರೆ. ತೀರ್ಥಹಳ್ಳಿಯಿಂದ ಅರವತ್ತು ಕಿಲೋಮೀಟರ್ ಬರೋರು ಬೇರೆ ಕೆಲಸ ಇಟ್ಕೊಂಡೇ ಬನ್ನಿ.

ನನಗಾಗಿದ್ದು ಬಟ್ಟೆ ಬಿಟ್ಟು 350 ರೂಪಾಯಿ. ಅಂಗಡಿ ನೋಟ್‌ಬುಕ್ಕಿಗೆ ಹೋಲಿಸಿದ್ರೆ ಜಾಸ್ತಿನೇ, ಒಂದು ವರ್ಷದ ಬರಹ ಉಳಿದಿದ್ದಕ್ಕೆ ಹೋಲಿಸಿದ್ರೆ ಏನೂ ಅಲ್ಲ. ಹಳೇ ಪುಸ್ತಕ ಬಿಟ್ಕೊಂಡಿದ್ರೆ ಅದನ್ನೂ ಬಿಚ್ಚಿ ಹೊಸದಾಗಿ ಹೊಲಿದು ಕೊಡ್ತಾರೆ, ನಮ್ಮ ಮಾವನವರ ಕಾಲದ ಪಂಚಾಂಗದ ಕಟ್ಟು, ಅಜ್ಜಿ ಬರೆದಿಟ್ಟ ಹಾಡಿನ ಪುಸ್ತಕ ಕೊಟ್ಟಿದ್ದೆ, ಪುಡಿಯಾಗ್ತಿದ್ದ ಅಂಚುಗಳಿಗೆ ತೆಳು ಟಿಶ್ಯೂ ಪೇಪರ್ ಮೈದಾ ಅಂಟಲ್ಲೇ ಹಚ್ಚಿ ಎಷ್ಟು ಜೋಪಾನವಾಗಿ ಮಾಡಿದ್ರು ಅಂದ್ರೆ ಹಾಡು ಹೇಳೋರು ಈಗ ಧೈರ್ಯವಾಗಿ ಪುಟ ತಿರುವ್ತಾರೆ. ಸೆಲೋಟೇಪ್ ಮಾತ್ರ ಯಾವ ಹಳೇ ಪುಸ್ತಕಕ್ಕೂ ಹಚ್ಚಬೇಡಿ ಅಂತ ಅವರು ಕೈ ಮುಗಿದ ಹಾಗೆ ಹೇಳಿದ್ರು, ಅದು ಕೆಲವು ವರ್ಷದಲ್ಲಿ ಹಳದಿಯಾಗಿ ಅಂಟು ಹಾಳೆ ಒಳಗೆ ಇಳಿದು ಕಲೆ ಬಿಡ್ತದೆ, ಆಮೇಲೆ ತೆಗೆಯೋಕೂ ಆಗಲ್ಲ.

ಇಟ್ಕೊಳ್ಳೋ ವಿಷಯದಲ್ಲಿ, ಕಬ್ಬಿಣದ ಬೀರು ಬೇಡ, ಗೋಡೆಗೆ ತಾಗಿಸಿ ಇಡೋದಂತೂ ಬೇಡವೇ ಬೇಡ, ತೇವ ಮೊದಲು ಬರೋದು ಗೋಡೆಯಿಂದ. ಪ್ಲಾಸ್ಟಿಕ್ ಕವರಲ್ಲಿ ಸುತ್ತಿಟ್ರೆ ಒಳಗಿನ ತೇವ ಒಳಗೇ ಉಳಿದು ಇನ್ನೂ ಬೇಗ ಬೂಷ್ಟು ಬರ್ತದೆ. ನಮ್ಮಲ್ಲಿ ಅಡುಗೆಮನೆ ಪಕ್ಕದ ಕೋಣೆ ಅಟ್ಟದ ಮೇಲೆ ಇಡೋದು, ಒಲೆ ಶಾಖ ಸ್ವಲ್ಪ ಮುಟ್ತದೆ, ಜೊತೆಗೆ ಲಕ್ಕಿ ಸೊಪ್ಪು ಒಣಗಿಸಿ ಬಟ್ಟೆಗಂಟಲ್ಲಿ ಕಟ್ಟಿ ಇಟ್ಟಿದ್ದೀನಿ. ಮಳೆ ಹೊಳವಾದ ದಿನ ಒಂದು ಗಂಟೆ ಪುಸ್ತಕ ಬೀಸಣಿಗೆ ಹಾಗೆ ಬಿಡಿಸಿ ನಿಲ್ಲಿಸಿ ಗಾಳಿಗಿಡಿ, ನೇರ ಬಿಸಿಲಿಗೆ ಬೇಡ, ರಟ್ಟು ಡೊಂಕಾಗ್ತದೆ.

ಈ ವರ್ಷದ್ದು ಆಗ್ಲೇ ತಂದಾಯ್ತು, ಇನ್ನೂ ಸ್ವಲ್ಪ ದಪ್ಪ ಮಾಡಿಸಿದ್ದೀನಿ, ಯಾಕಂದ್ರೆ ಹೋದ ಸಲ ಪುಟ ಬೇಸಿಗೆ ಮುಗಿಯೋಕೆ ಮುಂಚೆ ಮುಗೀತು. ಮಾಡಿಸೋರು ಏಪ್ರಿಲ್ ಒಳಗೆ ಆರ್ಡರ್ ಕೊಡಿ. ಮೃಗಶಿರಾ ಹಿಡಿದ ಮೇಲೆ ಕೊಟ್ರೆ ಮೈದಾ ಅಂಟು ಒಣಗಲ್ಲ ಅಂತ ಅವರು ಹೊಸ ಬೈಂಡಿಂಗ್ ಕೆಲಸ ತಗೊಳ್ಳೋದಿಲ್ಲ, ದಸರಾ ತನಕ ಕಾಯ್ಬೇಕಾಗ್ತದೆ.